ಸತ್ತವರ ಸಾಲಿನಲ್ಲಿ ಸೆರಾಫಿನ್ ಮಾವ್ಶಿ

ಬದುಕಿದ್ದ ಸೆರಾಫಿನ್ ಮಾವ್ಶಿಯ ಹೆಸರನ್ನು ಸತ್ತವರ ಸಾಲಿಗೆ ಸೇರಿಸಿ ಓದಿದವನು ನಾನೇ. ಓದಿಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ಆಗ ನನಗೆ ಹದಿನಾಲ್ಕು, ಈಗ ಹದಿನೇಳು.

ಮಾವ್ಶಿ ಅಮ್ಮನ ಅಕ್ಕ. ಹರೆಯದಲ್ಲಿ ಸಿಸ್ಟರ್ ಆಗಲು ಕಾನ್ವೆಂಟಿಗೆ ಹೋಗಿದ್ದಳಂತೆ. ಕಾಲು ಕುಂಟೆಂದು ಅವರು ಹಿಂದೆ ಕಳುಹಿಸಿದರು. ಅಂದಿನಿಂದ ಕಂಕನಾಡಿಯ ನಮ್ಮ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. "ದೇವರಿಗೆ ನನ್ನಿಂದ ಎಂತ ಉಪಯೋಗ? ಊರಿನವರಿಗೆ ಹೊಗೆ ಕೊಡ್ಲಿಕ್ಕೆ ಹುಟ್ಟಿದವಳು ನಾನು," ಎನ್ನುತ್ತಿದ್ದಳು. ಅವಳ ಗೊಣಗಾಟ ಕೇಳಿ ನೆರೆಮನೆಯ ಕೋಳಿ ಮೊಟ್ಟೆ ಇಡುವುದನ್ನೇ ಬಿಟ್ಟಿತ್ತು — ಇಷ್ಟು ಮಾತ್ರ ನಾನು ಸೇರಿಸಿದ್ದು.

ನವೆಂಬರ್ ಇಡೀ ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥನೆ. ಮುಸ್ಸಂಜೆ ಜಪಸರ ಮುಗಿದ ಮೇಲೆ ಒಬ್ಬರು ಅಜ್ಜನ ಪುಸ್ತಕದಿಂದ ಮನೆಯ ತೀರಿಕೊಂಡವರ ಹೆಸರುಗಳನ್ನು ಓದಬೇಕು. ಪ್ರತಿ ಹೆಸರಿಗೂ ಉಳಿದವರು "ನಿತ್ಯ ವಿಶ್ರಾಂತಿ ಸಿಗಲಿ" ಎನ್ನಬೇಕು. ಅಪ್ಪ ಮುಂಬಯಿಗೆ ಹಡಗು ಹತ್ತಿದ ವರ್ಷ ಆ ಪದವಿ ನನಗೆ ಬಂತು. ನಾನೋ, ಪಾದ್ರಿಗಳ ಲ್ಯಾಟಿನ್ ಪೂಜೆಯನ್ನು ಕೆಮ್ಮಿನ ಸಮೇತ ಅಣಕಿಸುವವನು. ಹೊಳೆಯಲ್ಲಿ ಮುಳುಗಿದ ದೊಡ್ಡಪ್ಪನ ಹೆಸರಿಗೆ ಬಾಯಿತುಂಬ ನೀರಿರುವ ಸ್ವರ ಕೊಟ್ಟೆ. ಕೊನೆಗೆ, ಅಮ್ಮ ತೂಕಡಿಸುವುದನ್ನು ನೋಡಿ, ಗೋಡೆಯೊಳಗಿಂದ ಬಂದ ಹಾಗೆ — "ಸೆರಾಫಿನ್." ಮರುದಿನ ಶಾಲೆಯಲ್ಲಿ ಹೇಳಿ ನಗಿಸಲು ನನಗೆ ಏನಾದರೂ ಬೇಕಿತ್ತು, ಅಷ್ಟೇ.

"ನಿತ್ಯ ವಿಶ್ರಾಂತಿ ಸಿಗಲಿ," ಎಂದಳು ಮಾವ್ಶಿ, ತನಗೆ ತಾನೇ. ಆಮೇಲೆ ತಲೆ ಎತ್ತಿದಳು.

"ಪುತಾ, ನನ್ನ ಹೆಸರು ಓದಿದಿಯಾ?"

"ಇಲ್ಲವಲ್ಲ ಮಾವ್ಶಿ. ನಿಮ್ಮದು ಇದರಲ್ಲಿ ಎಲ್ಲಿ ಉಂಟು?"

"ನನಗೂ ಕೇಳಲಿಲ್ಲ," ಎಂದಳು ಎಚ್ಚರಾದ ಅಮ್ಮ. "ನಿನಗೆ ಎಂತ ಮರುಳಾ ಅಕ್ಕ?"

ಮೂರು ಸಂಜೆ ಓದಿದೆ. ಮೂರು ಸಲ ಇಲ್ಲವೆಂದೆ. ನಾಲ್ಕನೆಯ ಸಂಜೆ ಭಯವಾಗಿ ಬಿಟ್ಟುಬಿಟ್ಟೆ. ಆದರೆ ಕೊನೆಯ ಹೆಸರಾದ ಮೇಲೆ ಮಾವ್ಶಿ ಸ್ವಲ್ಪ ಕಾದಳು, ಕಿವಿಗೊಟ್ಟಳು, ನಾನು ಓದದ ಹೆಸರಿಗೆ ಮೆಲ್ಲಗೆ "ನಿತ್ಯ ವಿಶ್ರಾಂತಿ ಸಿಗಲಿ" ಎಂದಳು. ದೀಪದ ಆಚೆ ಯಾರೋ ನಿಂತ ಹಾಗೆ ಅತ್ತಲೇ ನೋಡುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ಅವಳ ಗೊಣಗಾಟ ನಿಂತುಹೋಯಿತು. ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆದಂತೆ ಹಿಂದೆ ತಿರುಗಿ ನೋಡುವಳು. ಒಂದೊಂದು ಬೀಡಿಗೆ ನೂಲು ಸುತ್ತುವಾಗಲೂ ತುಟಿ ಅಲ್ಲಾಡುವುದು. ಎಂತ ಹೇಳುತ್ತೀರಿ ಎಂದು ಕೇಳಿದೆ.

"ಇದನ್ನು ಸೇದುವವನಿಗೆ ಒಂದು ಗಳಿಗೆ ಸಮಾಧಾನ ಕೊಡು ಯೇಸುವೇ ಅಂತ. ದೇವರು ನನ್ನನ್ನು ಕರೆದಾಯ್ತು ಪುತಾ. ಕರೆದು, ಸ್ವಲ್ಪ ದಿನ ಇಲ್ಲೇ ಇರು ಅಂದಿದ್ದಾನೆ. ಕಾನ್ವೆಂಟ್ ಎಂತಕ್ಕೆ? ಈ ಜಗಲಿ ಸಾಕು."

ಆಗಲಾದರೂ ಹೇಳಬಹುದಿತ್ತು. ನಾನು — ಹೇಳಲು ನಾಚಿಕೆ — ದೇವರ ಸ್ವರ ನನಗೆ ಇಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಈ ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ಸೆರಗಿನಲ್ಲಿ ರಕ್ತ. ಆಸ್ಪತ್ರೆಗೆ ಹೋಗುವ ಎಂದು ಅಮ್ಮ ಅತ್ತರೆ ಮಾವ್ಶಿ ನಗುತ್ತಿದ್ದಳು. "ಸತ್ತವಳಿಗೆ ಎಂತ ಮದ್ದು?"

ಒಂದು ಮಧ್ಯಾಹ್ನ ಅವಳ ಎದುರು ಕುಳಿತು ಎಲ್ಲ ಹೇಳಿದೆ. ನಂಬಲಿಲ್ಲ. ಆ ಸ್ವರವನ್ನೇ ತೆಗೆದು ತೋರಿಸಿದೆ — "ಸೆರಾಫಿನ್." ಅವಳ ಬೆರಳು ನೂಲಿನ ಮೇಲೆ ನಿಂತಿತು. ಕೇಳಿದಳು:

"ಹಾಗಾದರೆ ನನ್ನನ್ನು ಯಾರೂ ಕರೀಲಿಲ್ವಾ?"

ಊರನ್ನೇ ನಗಿಸುವ ಬಾಯಿ ನನ್ನದು. ತಲೆ ತಗ್ಗಿಸಿ, ಅವಳ ಮಡಿಲಿನಿಂದ ಜಾರಿದ ಬೀಡಿ ಎಲೆಗಳನ್ನು ಹೆಕ್ಕಿದೆ.

ಮರುದಿನ ಅಮ್ಮನ ಜೊತೆ ಆಸ್ಪತ್ರೆಗೆ ಹೋದಳು. ಮದ್ದು ಹಿಡಿದಿದೆ, ಬದುಕುತ್ತಾಳೆ ಎಂದಿದ್ದಾರೆ. ಪುನಃ ಬೀಡಿ ಕಟ್ಟುತ್ತಾಳೆ. ತುಟಿ ಮಾತ್ರ ಅಲ್ಲಾಡುವುದಿಲ್ಲ. ಮೊದಲಿನ ಗೊಣಗಾಟವಾದರೂ ಬರಲಿ ಎಂದು ಕಾಯುತ್ತೇನೆ — ಅದೂ ಇಲ್ಲ. ಸಂಜೆ ಮನೆಗೆ ಬಂದವನೇ ಅವಳ ಪಕ್ಕ ಕುಳಿತು ಎಲೆ ಕತ್ತರಿಸಿಕೊಡುತ್ತೇನೆ. ಬೇಡ ಎನ್ನುವುದಿಲ್ಲ. ಬಾ ಎಂದೂ ಕರೆಯುವುದಿಲ್ಲ.