ರೆಕಾರ್ಡಿನಲ್ಲಿ ಸಿಕ್ಕಿಬಿದ್ದ ಎಡ್ನಾ

ಎಡ್ನಾ ಮಲ್ಕಿನ್ ಅಂಗಡಿ ಎಲ್ಲಿ ಅಂತ ಕೇಳಿದರೆ ನಮ್ಮ ಬರ್ಸ್ಲೆಮ್‌ನಲ್ಲಿ ಚಿಕ್ಕ ಮಗುವೂ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಹಸಿರು ಬಾಗಿಲು, ಕಾದ ಕಾವಲಿ, ಅದರ ಮೇಲೆ ಓಟ್ಸ್ ಹಿಟ್ಟಿನ ದೋಸೆ. ಎಡಗೈಯಲ್ಲೇ ಮಗುಚುತ್ತಾಳೆ, ಚೀಸ್ ತುರಿದು ಮಡಚುತ್ತಾಳೆ, "ತಗೋ ಡಕ್" ಅಂತ ಕೈಗಿಡುತ್ತಾಳೆ. ಡಕ್ ಎಂದರೆ ಬಾತುಕೋಳಿಯೇ, ಸುಳ್ಳಲ್ಲ. ಆದರೆ ನಮ್ಮಲ್ಲಿ ಬಸ್ ಕಂಡಕ್ಟರ್, ಪಾದ್ರಿ, ಪೊಲೀಸಪ್ಪ ಎಲ್ಲರೂ ಡಕ್ಕೇ. ಮಾರಾಯ ಅಂದಷ್ಟೇ ಸಲೀಸು.

ಹುಡುಗಿಯಾಗಿದ್ದಾಗ ಅವಳು ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲಿಗೆ ಹೂ ಬಿಡಿಸುತ್ತಿದ್ದಳು. ಎಡಗೈ ಅಂತ ಮೇಲಿನವಳು ಬೈದದ್ದೇ ತಡ, ಕುಂಚ ಅವಳ ಮುಂದೆ ಎಸೆದು ಎದ್ದು ಬಂದಳು. ಬರುವಾಗ ಅಲ್ಲೇ ಬಟ್ಟಲು ಸುಡುವ ಗೂಡಿಗೆ ಬೆಂಕಿ ಹಾಕುತ್ತಿದ್ದ ಕ್ಲಿಫರ್ಡ್‌ನನ್ನು ಮಾತ್ರ ಬಿಟ್ಟು ಬರಲಿಲ್ಲ. ಮದುವೆಯಾಗಿ ಅತ್ತೆಯ ಅಂಗಡಿ ಹಿಡಿದಳು. ನಾನು ಗೋಡೆಯಾಚೆಯ ಹಿಲ್ಡಾ. ಅವಳ ಬಾಯಿ ಎಂಥದ್ದೆಂದು ನನಗೆ ಗೊತ್ತು, ನನ್ನದೂ ಕಮ್ಮಿ ಏನಲ್ಲ.

ರಸೆಲ್ ಪೆನ್‌ಫೋಲ್ಡ್ ಎಂಬ ಗುಂಗುರು ಕೂದಲಿನ ಹಾಡುಗಾರ ಅವಳಿಗೆ ಪ್ರಾಣ. 'ಬೆಳಗ್ಗೆ ಬಾ' ಎಂಬ ಅವನ ಒಂದು ಹಾಡು ಮಾತ್ರ ಆಗದು. ಯಾವ ಮದುವೆಗೆ ಹೋದರೂ ಅದೇ. ರೇಡಿಯೋದಲ್ಲಿ ಬಂದರೆ ಪಟ್ಟನೆ ಆರಿಸುತ್ತಿದ್ದಳು. "ಯಾವಳೋ ಮಾನಗೆಟ್ಟವಳು ಕರೆದ್ಲಂತೆ, ಇವ್ನು ಊರಿಗೆಲ್ಲ ಹಾಡಿದ್ನಂತೆ!"

ಎಂಬತ್ತೊಂದನೇ ಇಸವಿಯಲ್ಲಿ ಅವನ ಹೆಸರಾದ ಹಾಡುಗಳೆಲ್ಲ ಒಂದೇ ರೆಕಾರ್ಡಿನಲ್ಲಿ ಬಂದವು. ಮಗಳು ಲಾರ್ನಾ ಅಮ್ಮನ ಹುಟ್ಟುಹಬ್ಬಕ್ಕೆ ತಂದಳು. ಭಾನುವಾರದ ಊಟ ಮುಗಿಸಿ ನಾವು ನಾಲ್ವರೂ ಕುಳಿತೆವು. ರೆಕಾರ್ಡಿನ ಎರಡನೇ ಮಗ್ಗುಲಿನಲ್ಲಿ 'ಬೆಳಗ್ಗೆ ಬಾ' ಇತ್ತು, ವೇದಿಕೆಯ ಮೇಲೆ ಹಾಡಿದ್ದು. ಹಾಡುವ ಮೊದಲು ಅವನು ಮಾತಾಡಿದ.

"ಹ್ಯಾನ್ಲಿಯಲ್ಲಿ ಹಾಡಿದ ಮರುದಿನ ಪಕ್ಕದ ಬರ್ಸ್ಲೆಮ್‌ಗೆ ಹೋಗಿದ್ದೆ. ಹಸಿರು ಬಾಗಿಲಿನ ಒಂದು ಅಂಗಡಿ. ಒಬ್ಬಳು ಎಡಗೈಯಲ್ಲಿ ದೋಸೆ ಮಗುಚ್ತಿದ್ಲು. 'ಮುಗೀತು, ಬೆಳಗ್ಗೆ ಬಾ ಡಕ್' ಅಂದ್ಲು. ನಾನು ದಕ್ಷಿಣದ ಕಡೆಯವನು, ಅಲ್ಲಿ ಹಾಗೆ ಕರೆಯೋ ರೂಢಿಯಿಲ್ಲ, ನನ್ನನ್ನ ಯಾರೂ ಅಷ್ಟು ಪ್ರೀತಿಯಿಂದ ಕರೆದಿರಲಿಲ್ಲ. ನಿದ್ದೆಯೇ ಬರಲಿಲ್ಲ. ಬೆಳಗ್ಗೆ ಹೂ ಹಿಡ್ಕೊಂಡು ಹೋದೆ. ಯಾರೋ ಮುದುಕನಿಗೂ ಡಕ್ ಅಂತಿದ್ಲು. ಬಾಗಿಲಿಂದಲೇ ವಾಪಸ್ ಬಂದೆ."

ರೆಕಾರ್ಡಿನೊಳಗೆ ಜನ ಹೋ ಎಂದು ನಕ್ಕರು. ಕ್ಲಿಫರ್ಡ್ ಎದ್ದು ಮುಳ್ಳು ಎತ್ತಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ ದೇವರೇ," ಎಡ್ನಾ ಕೆನ್ನೆಗೆ ಕೈಯಿಟ್ಟಳು. "ಆ ಮಾನಗೆಟ್ಟವಳು ನಾನೇನಾ!"

"ಹಾಗಂದ್ಯಾ ಅವನಿಗೆ?" ಕ್ಲಿಫರ್ಡ್ ಕೇಳಿದ.

"ಅಂದಿರ್ತೀನಿ! ಹಿಟ್ಟು ಮುಗಿದ್ರೆ ಇನ್ನೇನಂತ ಹೇಳ್ಲಿ? ಅವನ ಮುಖ ಕೂಡ ನೆನಪಿಲ್ಲ ನಂಗೆ."

"ನಿಜ ಕಣೋ," ನಾನು ಬಾಯಿ ಹಾಕಿದೆ. "ನಮ್ಮಲ್ಲಿ ಡಕ್ ಅನ್ನಿಸಿಕೊಳ್ಳದವರು ಯಾರಿದ್ದಾರೆ?"

"ನಾನಿದ್ದೀನಿ," ಅಂದ ಕ್ಲಿಫರ್ಡ್.

ನಾನು ತಲೆ ಕೆರೆದುಕೊಂಡು ನೆನೆಸಿಕೊಂಡೆ. ಜಗಳದಲ್ಲಿ, ಜ್ವರದಲ್ಲಿ, ಲಾರ್ನಾ ಹುಟ್ಟಿದ ದಿನ, ಯಾವತ್ತೂ ಇವಳು ಅವನನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ. ಪಕ್ಕದಲ್ಲೇ ಇದ್ದ ನನಗೇ ಗೊತ್ತಾಗಿರಲಿಲ್ಲವಲ್ಲ! ನಾಚಿಕೆಯಾಯಿತು, ಭಯವೂ ಆಯಿತು.

"ಮೂವತ್ತು ವರ್ಷ ಆಯ್ತು ಎಡ್ನಾ. ದಾರೀಲಿ ಹೋಗೋನು ಆ ಒಂದು ಮಾತಿಗೇ ಹೂ ತಂದ. ನಂಗೆ ಆ ಮಾತೂ ಸಿಕ್ಕಿಲ್ಲ. ನಾನೇನು ನಿಂಗೆ?" ಅಷ್ಟು ಹೇಳಿ ಕೋಟು ಹಾಕಿಕೊಳ್ಳತೊಡಗಿದ. ಸುಮ್ಮನಿರುವ ಗಂಡಸು ಕೋಟಿಗೆ ಕೈ ಹಾಕಿದನೆಂದರೆ ಮನೆ ಬಿಟ್ಟು ಹೋಗುವವನೇ. ಲಾರ್ನಾ ಅಳುತ್ತಿದ್ದಳು.

ಎಡ್ನಾ ಬಾಗಿಲಿಗೆ ಅಡ್ಡ ನಿಂತಳು. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಆವತ್ತೇ.

"ಬಂದೋರ ಹೆಸರು ಕಟ್ಕೊಂಡು ನಂಗೇನಾಗ್ಬೇಕು? ಅದಕ್ಕೇ ಎಲ್ಲಾರ್ಗೂ ಡಕ್ ಅಂದೆ," ಎಂದಳು. "ನಿನ್ನ ಹೆಸರು ಬೇಕಿತ್ತು ಕ್ಲಿಫರ್ಡ್, ಅದಕ್ಕೇ ನಿನ್ನನ್ನ ಹೆಸರಿಟ್ಟೇ ಕರೆದೆ. ಮದುವೇಲಿ ನಮ್ಮಪ್ಪನ ಹೆಸರು ಬಿಟ್ಟು ನಿನ್ನದನ್ನೇ ಇಟ್ಕೊಂಡೆ."