ಊಟದ ಮಣೆಯ ಮೇಲೆ ಕ್ಯಾಮೆರಾ

ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ನನಗೆ ಬರುವುದಿಲ್ಲ. ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಕ್ಯಾಲೆಂಡರಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲವನ್ನೂ ತೂಗುಹಾಕಿದವಳು ನನ್ನ ಹೆಂಡತಿ ನಳಿನಿ. ಅಂಥ ನಾನು ಓಡುವ ಕಾರಿನೊಳಗೆ ವಿಡಿಯೊ ಕ್ಯಾಮೆರಾ ಕೂರಿಸುತ್ತೇನೆಂದು ಹೊರಟೆನೆಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಕೂರಿಸಿದೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ಆಚೀಚೆ ಮುಂಬಯಿಯಲ್ಲಿ ನಮ್ಮಂಥ ಸಂಬಳದವರು ಭಾನುವಾರ ಗಾಳಿ ತಿನ್ನಲು ಚೌಪಾಟಿಯ ಕಡಲತೀರಕ್ಕೆ ಹೋಗುತ್ತಿದ್ದರು. ನಾವು ಊರಾಚೆಯ ಪಾಳುಬಿದ್ದ ರನ್‌ವೇಗೆ ಹೋಗುತ್ತಿದ್ದೆವು. ಅಲ್ಲಿ ಒಂದು ಸಣ್ಣ ಮೋಟಾರು ಕ್ಲಬ್ಬಿನವರು ಡ್ರಮ್ಮುಗಳನ್ನಿಟ್ಟು ಓಟದ ದಾರಿ ಮಾಡುತ್ತಿದ್ದರು. ನಮ್ಮ ಹಳೆಯ ಫಿಯೆಟ್ಟನ್ನು ನಳಿನಿ ಅಲ್ಲಿ ಒಬ್ಬಳೇ, ಗಡಿಯಾರದೊಂದಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದಳು. ಅವಳಿಗೆ ಅದು ಸಾಲದು. ಎಲ್ಲ ಕಾರುಗಳೂ ಒಟ್ಟಿಗೆ ಹೊರಡುವ ಪಂದ್ಯದಲ್ಲಿ ಓಡಿಸಬೇಕು. ಅದರಲ್ಲಿ ಬರೀ ಗಂಡಸರು. ಕ್ಲಬ್ಬಿನ ಸೆಕ್ರೆಟರಿ ಶೆಟ್ಟರು ಸಾಂತಾಕ್ರೂಜ್‌ನಲ್ಲಿ ಹೋಟೆಲಿಟ್ಟವರು, ಒಳ್ಳೆಯ ಮನುಷ್ಯರೇ, ಆದರೆ ಒಪ್ಪಲಿಲ್ಲ.

"ಆ ದೂರದ ತಿರುವಿನಲ್ಲಿ ನೀವು ಹೆದರಿ ಆಕ್ಸಿಲರೇಟರಿಂದ ಕಾಲು ತೆಗಿತೀರಿ ಅಮ್ಮ. ಹಿಂದಿನವ ಬಂದು ಗುದ್ದಿದ್ರೆ ನಾನು ಎಂತ ಹೇಳುದು?" ಎಂದರು.

"ನಾನು ತೆಗೆಯಲ್ಲ," ಎಂದಳು ನಳಿನಿ.

"ಹೆಂಗಸರು ತೆಗಿತಾರೆ," ಎಂದು ಅವರು ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ ಮಾರಾಯ್ರೆ."

ನಾನೇನು ಹೇಳಲಿ? ಆ ತಿರುವು ನಾವು ನಿಲ್ಲುವ ಜಾಗದಿಂದ ಸರಿಯಾಗಿ ಕಾಣುವುದೂ ಇಲ್ಲ. ಮನೆಗೆ ಬರುವವರೆಗೆ ನಳಿನಿ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಮೇಲಾಗಿ ನನಗೂ ಸಿಟ್ಟು ಬಂದಿತ್ತು. ನೋಡಿದವರೇ ಇಲ್ಲ ತಾನೆ, ನೋಡುವ ಕಣ್ಣೊಂದನ್ನು ಕಾರಿನೊಳಗೇ ಇಟ್ಟುಬಿಡೋಣ ಎಂದೆ.

ಕಣ್ಣೇನೋ ಸಿಕ್ಕಿತು. ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯವರು ಅಂಗೈಯಲ್ಲಿ ಹಿಡಿಯುವಂಥ ಹೊಸ ನಮೂನೆಯ ಕ್ಯಾಮೆರಾವನ್ನು ಮಸ್ಕತ್ತಿನಿಂದ ತಂದಿದ್ದರು, ಕೇಳಿದ ಕೂಡಲೇ ಕೊಟ್ಟರು. ಅದನ್ನು ಕೂರಿಸುವುದೇ ದೊಡ್ಡ ತಾಪತ್ರಯವಾಯಿತು. ನಮ್ಮ ಶಿಲ್ಪಿಗಳು ವಿಗ್ರಹವನ್ನೆಲ್ಲ ಕಡೆದು, ನಿಲ್ಲಿಸಿ, ಕಟ್ಟಕಡೆಗೆ ಕಣ್ಣು ತೆರೆಯುತ್ತಾರಂತೆ. ತಿಳಿದವರು. ನಾನು ಕಣ್ಣನ್ನು ಕೈಯಲ್ಲಿಟ್ಟುಕೊಂಡು ಅದಕ್ಕೊಂದು ಮೈ ಹುಡುಕಿಕೊಂಡು ಅಲೆಯುತ್ತಿದ್ದೆ. ಡ್ಯಾಶ್‌ಬೋರ್ಡಿನ ಮೇಲೆ ಸೈಕಲ್ ಟ್ಯೂಬಿನಿಂದ ಕಟ್ಟಿದರೆ ಮೊದಲ ತಿರುವಿಗೇ ಉರುಳಿ ಬಿತ್ತು, ಕೆಳಗೆ ದಿಂಬು ಇಟ್ಟಿದ್ದರಿಂದ ಬಚಾವಾಯಿತು. ಹಿಂದಿನ ಸೀಟಿಗೆ ಕಟ್ಟಿದರೆ ಚಿತ್ರ ಚಳಿಜ್ವರ ಬಂದಂತೆ ನಡುಗಿತು. ನೇರವಾಗಿ ನಳಿನಿಯ ಕಾಲಿಗೇ ಗುರಿಯಿಟ್ಟರೆ ಅಲ್ಲಿ ಬರೀ ಕತ್ತಲೆ. ಕೊನೆಗೆ, ಎದುರಿನ ರಸ್ತೆಯನ್ನೇ ಹಿಡಿಯೋಣ, ಅದು ಓಡುವ ರಭಸ ನೋಡಿದರೆ ಕಾಲಿನ ಸಂಗತಿ ತಾನಾಗಿ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ.

ಮುಂದಿನ ಎರಡು ಸೀಟುಗಳ ನಡುವೆ ಗಟ್ಟಿಯಾದ ಹಲಗೆಯೊಂದು ಬೇಕಾಯಿತು. ಮನೆಯಲ್ಲಿದ್ದ ಗಟ್ಟಿ ಮರವೆಂದರೆ ಮೈಸೂರಿನಿಂದ ಬಂದ ಊಟದ ಮಣೆ. ಅದನ್ನು ಎತ್ತಿಕೊಂಡೆ.

"ಅದು ನಮ್ಮಮ್ಮ ಕೊಟ್ಟ ಮಣೆ ರೀ," ಎಂದಳು ನಳಿನಿ. ನಾನು ಕೆಳಗಿಟ್ಟೆ. ಅವಳೇ ಅದನ್ನು ಎತ್ತಿ ನನ್ನ ಕೈಗಿಟ್ಟು, "ಕೊರೀರಿ ತೂತು," ಎಂದಳು.

ಕ್ಯಾಮೆರಾದ ತಳಕ್ಕೆ ಹೊಂದುವ ಬೋಲ್ಟು ಅಂಗಡಿಗಳಲ್ಲಿ ಸಿಗಲಿಲ್ಲ. ಕುರ್ಲಾದಲ್ಲಿ ಗಲ್ಲಿ ಗಲ್ಲಿ ತಿರುಗಿ ಮಾಡಿಸಿಕೊಂಡು ಬಂದೆ. ಮಣೆಯ ಕೆಳಗೆ ರಬ್ಬರು ಹಾಸಿ, ಸೀಟಿನ ಕಬ್ಬಿಣಕ್ಕೆ ಬಿಗಿದೆ. ಭಾನುವಾರ ಮೊದಲು ನಾನೇ ಒಂದು ಸುತ್ತು ಓಡಿಸಿ ಪರೀಕ್ಷೆ ಮಾಡಿದೆ. ಆಮೇಲೆ ನಳಿನಿ ಓಡಿಸಿದಳು. ಕ್ಯಾಮೆರಾ ಕೂದಲೆಳೆಯಷ್ಟೂ ಜರುಗಲಿಲ್ಲ. ನನ್ನ ಎದೆ ಉಬ್ಬಿತು.

ಆ ಸಂಜೆ ಶೆಟ್ಟರ ಹೋಟೆಲಿನ ಮಹಡಿಯಲ್ಲಿ ಕ್ಲಬ್ಬಿನವರೆಲ್ಲ ಟೀವಿ ಮುಂದೆ ಕೂತರು. ಟೇಪು ಶುರುವಾಯಿತು. ಪರದೆಯ ನಟ್ಟನಡುವೆ, ಸ್ಫಟಿಕದಷ್ಟು ಸ್ಪಷ್ಟವಾಗಿ, ಒಂದು ನಿಂಬೆಹಣ್ಣು ಮತ್ತು ಅದರ ಜೊತೆ ಪೋಣಿಸಿದ ಹಸಿಮೆಣಸಿನಕಾಯಿಗಳು. ರಸ್ತೆ, ಡ್ರಮ್ಮು, ಆಕಾಶ ಎಲ್ಲ ಅದರ ಹಿಂದೆ ಗಂಜಿಯಂತೆ ಕಲಸಿಹೋಗಿದ್ದವು.

ಕಟ್ಟಿದವನು ನಾನೇ. ಮುಂಬಯಿಯಲ್ಲಿ ಶನಿವಾರ ಗಾಡಿಗೆ ನಿಂಬೆ-ಮೆಣಸಿನಕಾಯಿ ಕಟ್ಟದವರುಂಟೇ? ಹೆಂಡತಿ ಅಷ್ಟು ಜೋರಾಗಿ ಓಡಿಸುವಾಗ ನಾನಂತೂ ಬಿಡುವವನಲ್ಲ. ಕಾರಿನ ಹೊರಗೆ ಏನೂ ತೂಗಾಡಬಾರದೆಂದು ಕ್ಲಬ್ಬಿನ ನಿಯಮ. ಹಾಗಾಗಿ ಒಳಗೆ, ಕನ್ನಡಿಯ ಕಂಬಿಗೆ ಕಟ್ಟಿದ್ದೆ. ತಾನಾಗಿ ದೃಷ್ಟಿ ಹೊಂದಿಸಿಕೊಳ್ಳುವ ಆ ಜಾಣ ಕ್ಯಾಮೆರಾ ಹತ್ತಿರದ ನಿಂಬೆಹಣ್ಣಿಗೇ ಕಣ್ಣು ನೆಟ್ಟಿತ್ತು. ಎಲ್ಲರೂ ನಕ್ಕರು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

"ಆರಿಸಬೇಡಿ," ಎಂದಳು ನಳಿನಿ. "ನಿಂಬೆಹಣ್ಣನ್ನೇ ನೋಡಿ."

ಮೊದಲಿನದು ನನ್ನ ಸುತ್ತು. ದೂರದ ತಿರುವು ಬಂದ ಕೂಡಲೇ ನಿಂಬೆಹಣ್ಣು ಮುಂದಕ್ಕೆ ಹಾರಿ ಗಾಜಿಗೆ ಬಡಿಯಿತು. ಬಸ್ಸಿನ ಡ್ರೈವರ್ ವೇಗ ತಗ್ಗಿಸಿದಾಗ ನಿಂತವರು ಮುಂದಕ್ಕೆ ವಾಲುವುದಿಲ್ಲವೇ, ಹಾಗೆ.

"ಇದು ಓಡಿಸಿದ್ದು ಯಾರು?" ಎಂದರು ಶೆಟ್ಟರು.

"ನಾನು," ಎಂದೆ. ಇನ್ನೂ ಜೋರಾಗಿ ನಕ್ಕರು.

ಆಮೇಲೆ ನಳಿನಿಯ ಸುತ್ತು. ಅದೇ ತಿರುವು. ನಿಂಬೆಹಣ್ಣು ಮೆಲ್ಲಗೆ ಪಕ್ಕಕ್ಕೆ ವಾಲಿ ತಿರುವು ಮುಗಿಯುವವರೆಗೂ ಹಾಗೇ ನಿಂತಿತು. ಮುಂದಕ್ಕೆ ಎಳ್ಳಷ್ಟೂ ಬರಲಿಲ್ಲ. ಯಾರೂ ನಗಲಿಲ್ಲ. ಶೆಟ್ಟರು ಟೇಪು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಕಾಲು ತೆಗಿಲಿಲ್ಲ," ಎಂದರು ಕೊನೆಗೆ. "ನಂದೇ ತಪ್ಪು ಅಮ್ಮ. ಬರುವ ಭಾನುವಾರ ಎಲ್ಲರ ಒಟ್ಟಿಗೆ ನಿಲ್ಲಿ."

ಆ ಭಾನುವಾರ ಸಾಲಿನಲ್ಲಿ ನಿಂತ ಕಾರುಗಳ ನಡುವೆ ನಮ್ಮ ಫಿಯೆಟ್ಟೂ ನಿಂತಿತು. ಈ ಸಲ ರಸ್ತೆಯೇ ಬರಲಿ ಎಂದು ನಾನು ಬೆಳಗ್ಗೆಯೇ ಎದ್ದು ಮಣೆ ಬಿಗಿದಿದ್ದೆ. ನಳಿನಿ ಹೆಲ್ಮೆಟ್ಟು ಹಾಕಿಕೊಂಡು ಬಂದವಳೇ ಅದನ್ನು ನೋಡಿ, "ಬಿಚ್ಚಿ ಅದನ್ನ. ಇನ್ಯಾರಿಗೆ ತೋರಿಸಬೇಕು? ಸುಮ್ನೆ ಭಾರ," ಎಂದಳು.

ಅಷ್ಟು ಕಷ್ಟಪಟ್ಟು ಕೂರಿಸಿದ್ದನ್ನು ನಾನೇ ಬಿಚ್ಚಿದೆ. ಮಣೆ, ಕ್ಯಾಮೆರಾ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಒಂದು ಗಳಿಗೆ ಕೂತೆ, ಅವಳಿಗೊಂದು ಧೈರ್ಯದ ಮಾತು ಹೇಳೋಣವೆಂದು.

ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ನೀವೂ ಇಳೀರಿ," ಎಂದಳು.

ಇಳಿದೆ. ಮದುವೆಯಾದಾಗಿನಿಂದ ಅವಳ ಎಷ್ಟೋ ಮಾತು ಕೇಳಿದ್ದೇನೆ. ಇಷ್ಟು ಖುಷಿಯಿಂದ ಕೇಳಿದ್ದು ಇದೊಂದೇ.