ಅಂದಾಜಿನ ಕೆಲಸ

ನನ್ನ ಗಂಡ ಗೋಡೆ ಒಡೆಯುವ ಕೆಲಸದವರು. ಕಟ್ಟುವವರನ್ನು ಮೇಸ್ತ್ರಿ ಅಂತಾರೆ, ಒಡೆಯುವವರಿಗೆ ಅಂಥ ಹೆಸರೇನಿಲ್ಲ. ಬೀದಿಯವರು ಇವರನ್ನು ಸುತ್ತಿಗೆ ಅಂತಲೇ ಕರೆಯುತ್ತಿದ್ದರು. ಇವರೂ ಓ ಅನ್ನುತ್ತಿದ್ದರು.

ಹಳೇ ಕಟ್ಟಡದಲ್ಲಿ ನಡುವಿನ ಗೋಡೆ ತೆಗೆಯಬೇಕು, ಮೇಲಿನ ತಾರಸಿ ಕುಸಿದು ಕೂರಬಾರದು. ಅದು ಅವರ ಕೆಲಸ. ಗೋಡೆಗೆ ಕಿವಿ ಇಟ್ಟು ಸುತ್ತಿಗೆ ಹಿಡಿಯಿಂದ ತಟ್ಟುವರು. ಬಿರುಕಿನ ಮೇಲೆ ಗಾಜಿನ ಚೂರೊಂದನ್ನು ಸಿಮೆಂಟಿನಲ್ಲಿ ಅಂಟಿಸಿ ಎರಡು ದಿನ ಬಿಡುವರು. ಗಾಜು ಬಿರಿದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ. ಇಷ್ಟೆಲ್ಲ ಮಾಡಿ "ಹ್ಞಾ, ಅಂದಾಜು ಸಿಕ್ತು" ಅಂದ ಮೇಲೇನೇ ಮೊದಲ ಇಟ್ಟಿಗೆ ಕೀಳುವುದು. ಇಪ್ಪತ್ತಾರು ವರ್ಷ ಯಾರ ತಲೆ ಮೇಲೂ ಒಂದು ಚೂರು ಗಾರೆ ಬಿದ್ದಿರಲಿಲ್ಲ.

ಮನೆಯಲ್ಲಿ ಆ ಅಂದಾಜು ನಡೆಯುತ್ತಿರಲಿಲ್ಲ. ಒಂದು ಸಲ ಹಳೇ ಬೀರು ತಂದರು. ಬಾಗಿಲಲ್ಲಿ ಹಿಡಿಸಲಿಲ್ಲ.

"ಅಳತೆ ತಗೊಂಡಿದ್ರಾ?" ಅಂದೆ.

"ಅಂದಾಜಿತ್ತು ಕಣೇ."

"ನಿಮ್ಮ ಅಂದಾಜು ಹೊಸ್ತಿಲಲ್ಲೇ ಸಿಕ್ಕಿಹಾಕ್ಕೊಂಡಿದೆ ನೋಡಿ."

ಅವರ ತಂಗಿ, ನನ್ನ ನಾದಿನಿ, ಪಕ್ಕದಲ್ಲೇ ನಿಂತಿದ್ದಳು. ಅವರ ಜೊತೆ ಕೆಲಸಕ್ಕೆ ಹೋಗಿ, ಅವರು ಒಡೆದ ಇಟ್ಟಿಗೆ ಚೂರು ಹೊರುತ್ತಿದ್ದವಳು. "ಅಣ್ಣಾ, ಬೀರು ಇಲ್ಲೇ ಇರ್ಲಿ, ಮನೇನೇ ಒಡೆದ್ಬಿಡು. ಹೇಗೂ ನಿನ್ನ ಕಸುಬು" ಅಂದಳು. ಬೀರು ಎರಡು ದಿನ ಬೀದಿಯಲ್ಲಿತ್ತು. ಆಮೇಲೆ ಮಾರಿದೆವು.

ಅವರು ತೀರಿಹೋದ ದಿನ ಬೆಳಗ್ಗೆ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದರು. "ಈ ಗೋಡೆ ನನ್ನ ಅಂದಾಜಿಗೆ ಸಿಗ್ತಿಲ್ಲ. ಇನ್ನೆರಡು ದಿನ ಕೇಳ್ತೀನಿ" ಅಂದರು. ಹನ್ನೊಂದು ಗಂಟೆಗೆ ತಾರಸಿ ಕೂತಿತು. ಅಡಿಯಲ್ಲಿ ಅವರೊಬ್ಬರೇ. ನಾದಿನಿ ಆಚೆ ಇದ್ದಳು, ಉಳಿದಳು.

ಮುಂದಿನ ವಾರ ವಿಚಾರಣೆ ಅಧಿಕಾರಿ ಮನೆಗೆ ಬಂದರು. "ನಿಮ್ಮ ಯಜಮಾನರು ಹೇಗೆ ಕೆಲಸ ಮಾಡ್ತಿದ್ರು?" ಅಂದರು. ನನಗೆ ಹೆಮ್ಮೆ. "ಅವರದು ಅಂದಾಜಿನ ಕೆಲಸ ಸಾರ್. ಅಂಥ ಅಂದಾಜು ಇನ್ಯಾರಿಗೂ ಇಲ್ಲ" ಅಂದೆ. ಬರೆದುಕೊಂಡರು. ಬೆಳಗಿನ ಮಾತು ಅವತ್ತು ಬಾಯಿಗೆ ಬರಲಿಲ್ಲ. ನನ್ನ ತಲೆ ಎಲ್ಲಿ ನೆಟ್ಟಗಿತ್ತು ಆಗ?

ತಿಂಗಳಾದ ಮೇಲೆ ವರದಿಯ ಪ್ರತಿ ಬಂತು. ಅಭ್ಯಂತರ ಇದ್ದರೆ ಹದಿನೈದು ದಿನದೊಳಗೆ ಹೇಳಬೇಕಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದೆ. "ಮೃತರ ಕೆಲಸದ ವಿಧಾನ ಊಹಾತ್ಮಕವಾಗಿದ್ದು, ಅವಘಡಕ್ಕೆ ಅದೇ ಕಾರಣ." ಊಹಾತ್ಮಕ ತಿಳಿಯಲಿಲ್ಲ. ಔಷಧಿ ಅಂಗಡಿಯವರನ್ನು ಕೇಳಿದೆ.

"ಊಹೆ ಮೇಲೆ ನಡೆಯೋದು ಅಂತ, ಅಮ್ಮ. ಸಟ್ಟಾ ವ್ಯಾಪಾರಕ್ಕೂ ಹಾಗಂತಾರೆ. ಗ್ಯಾರಂಟಿ ಇಲ್ಲ, ಬಂದ್ರೆ ಬಂತು, ಹೋದ್ರೆ ಹೋಯ್ತು."

ಕಾಗದ ಮಡಚಿಕೊಂಡೆ. ನೇರ ಆಫೀಸಿಗೆ ಹೋದೆ.

"ನೀವೇ ಹೇಳಿದ್ದಲ್ವೇನಮ್ಮ, ಅಂದಾಜಿನ ಕೆಲಸ ಅಂತ?" ಅಂದರು ಅಧಿಕಾರಿ. "ನಾನು ಅದನ್ನೇ ಶುದ್ಧ ಭಾಷೆಯಲ್ಲಿ ಬರೆದೆ."

"ಶುದ್ಧ ಮಾಡೋಕೆ ಹೋಗಿ ಅವರನ್ನ ಜೂಜುಕೋರ ಮಾಡಿದ್ದೀರಿ. ಅವರ ಅಂದಾಜು ಅಂದ್ರೆ ತಟ್ಟಿ ನೋಡಿ, ಕಾದು ನೋಡಿ ತಿಳ್ಕೊಂಡಿದ್ದು. ಅವತ್ತು ಅದು ಸಿಕ್ಕಿರಲಿಲ್ಲ. ಬೆಳಗ್ಗೆ ನನ್ನ ಹತ್ರ ಹೇಳೇ ಹೋದ್ರು."

"ಮನೇಲಿ ಹೇಳಿದ ಮಾತು ಸಾಲದಮ್ಮ. ಗೋಡೆ ಹತ್ರ ಏನಾಯ್ತು ಅನ್ನೋದು ನಿಮ್ಮ ಊಹೆ ಆಗುತ್ತೆ. ಅಲ್ಲಿದ್ದವರು ಹೇಳ್ಬೇಕು."

ಕೆಲಸ ಕೊಟ್ಟ ಗುತ್ತಿಗೆದಾರರನ್ನು ಬಿಟ್ಟರೆ ಅಲ್ಲಿದ್ದವಳು ನಾದಿನಿ ಒಬ್ಬಳೇ. ಏನೂ ಕೇಳಿಸಲಿಲ್ಲ ಅಂತ ಮೊದಲೇ ಬರೆಸಿದ್ದಳು. ಅದೇ ಗುತ್ತಿಗೆದಾರರ ಕೈಕೆಳಗೇ ಇನ್ನೂ ದುಡಿಯುತ್ತಿದ್ದಳು. ಅವಳ ಮನೆಗೆ ಹೋಗಿ ಕಾಗದ ಮುಂದಿಟ್ಟೆ.

"ಏನೇ, ಅವತ್ತು ನಿನಗೆ ಕೇಳಿಸ್ತಾ, ಇಲ್ವಾ?"

"ಕೇಳಿಸ್ತು ಅತ್ತಿಗೆ."

"ಹೇಳ್ತೀಯಾ?"

"ನನಗೂ ಹೊಟ್ಟೆ ಅಂತ ಒಂದಿದೆಯಲ್ಲ."

"ಇದೆ. ನಿಮ್ಮಣ್ಣ ಗೊತ್ತಿಲ್ದೆ ಕೈ ಹಾಕಿದ್ರು ಅಂತ ಇಲ್ಲಿ ಬರೆದಿದೆ. ಹಾಗೇ ಇರ್ಲಿ ಅಂತೀಯಾ?"

ಅಷ್ಟು ಕೇಳಿ ಬಂದುಬಿಟ್ಟೆ. ಮೂರನೇ ದಿನ ಕೆಲಸಕ್ಕೆ ಹೋಗದೆ, ಒಗೆದ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದಳು. "ನಡೀರಿ, ಮನಸ್ಸು ಬದಲಾಗೋ ಮುಂಚೆ" ಅಂದಳು.

ಅಧಿಕಾರಿ ಎದುರು ನಿಂತೇ ಹೇಳಿದಳು. "ಅಣ್ಣ ಇನ್ನೆರಡು ದಿನ ಕೊಡಿ ಅಂದ. ಗುತ್ತಿಗೆದಾರರು, ಇವತ್ತು ಒಡೆಯದಿದ್ರೆ ನಾಳೆಯಿಂದ ಬೇರೆಯವರು ಬರ್ತಾರೆ ಅಂದ್ರು. ಅಣ್ಣ ಸುತ್ತಿಗೆ ತಗೊಂಡ. ನನ್ನ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಸಾಕು, ಆಚೆ ಹೋಗು, ಕರೆಯೋವರೆಗೂ ಬರಬೇಡ ಅಂದ."

ಕೊನೇ ಮಾತು ನನಗೂ ಗೊತ್ತಿರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಇದನ್ನ ಬರೆದರೆ, ಅಪಾಯ ಗೊತ್ತಿದ್ದೂ ಕೆಲಸ ಮಾಡಿದ್ರು ಅಂತ ಆಗುತ್ತಮ್ಮ. ಪರವಾಗಿಲ್ವಾ?"

"ಮಾಡಿದ್ರು. ಅದನ್ನೂ ಬರೀರಿ. ಗೊತ್ತಿತ್ತು ಅಂತ ಬರೀರಿ" ಅಂದೆ.

ಊಹಾತ್ಮಕ ಅನ್ನುವುದನ್ನು ಹೊಡೆದು ಹಾಕಿದರು. ಕಾಲಾವಕಾಶ ಕೇಳಿದರೂ ಕೊಡಲಿಲ್ಲ ಅಂತ ಬರೆದರು. ಎರಡು ಸಲ ಓದಿಸಿಕೊಂಡು ರುಜು ಹಾಕಿದೆ. ನಾದಿನಿ ಹೆಬ್ಬೆಟ್ಟು ಒತ್ತಿದಳು.

ಮಾರನೇ ದಿನವೇ ಅವಳನ್ನು ಕೆಲಸಕ್ಕೆ ಬರಬೇಡ ಅಂದರು. ಈಗ ನನ್ನ ಜೊತೆಗೇ ಇದ್ದಾಳೆ, ಇಬ್ಬರೂ ಎರಡು ಆಫೀಸುಗಳ ನೆಲ ಒರೆಸುತ್ತೇವೆ. ಆಚೆ ಕಳಿಸಿದ ವಿಷಯ ನನಗೆ ಮುಂಚೆಯೇ ಯಾಕೆ ಹೇಳಲಿಲ್ಲ ಅಂತ ಒಂದು ದಿನ ಕೇಳಿದೆ.

"ಹೇಳಿದ್ರೆ ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಅದೇ ನೆನಪಾಗ್ತಿತ್ತು ಅತ್ತಿಗೆ."

ನೆನಪಾಗುತ್ತೆ. ಆಗಲಿ.